ಯಾರೂ ಇಡದ ಮೊರ

ರಾಯರು ಬಹಳ ಒಳ್ಳೆಯವರಾಗಿದ್ದರು ಎಂದು ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಒಬ್ಬರು ಹೇಳಿದರು. ಹೋಳಿಗೆಯ ಮೇಲೆ ತುಪ್ಪ ಬೀಳುವವರೆಗೂ ಕಾಯಲಿಲ್ಲ. ಪಕ್ಕದವರು ಹೌದ್ಹೌದು ಎಂದರು. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಅವರು ಎದುರಿಗೆ ಬಂದರೆ ಇದೇ ಜನ ಪಕ್ಕದ ಓಣಿಗೆ ನುಗ್ಗುತ್ತಿದ್ದರು. ನಮ್ಮ ಹೊಸಪೇಟೆಯಲ್ಲಿ ಮರ್ಯಾದೆ ಬೇಕೆಂದರೆ ಸಾಯುವವರೆಗೆ ಸ್ವಲ್ಪ ತಾಳಿಕೊಳ್ಳಬೇಕು, ಅಷ್ಟೆ.

ನನ್ನನ್ನು ಕೇಳಿದರೆ ಹೇಳುತ್ತೇನೆ, ಅವರು ಒಳ್ಳೆಯವರೇನೂ ಆಗಿರಲಿಲ್ಲ. ಸಿಡುಕರು. ನಶ್ಯದ ಡಬ್ಬಿಯನ್ನು ಎದುರಿಗಿದ್ದವರಿಗೆ ಚಾಚಿ, ಅವರು ಕೈ ನೀಡುವಷ್ಟರಲ್ಲಿ ಮುಚ್ಚಿಬಿಡುತ್ತಿದ್ದರು. ಮಡಿಮೈಲಿಗೆ ವಿಪರೀತ, ಹೊರಗೆ ಎಲ್ಲಿ ಹೋದರೂ ಹಿತ್ತಾಳೆಯ ತಂಬಿಗೆಯಲ್ಲಿ ಮನೆಯ ನೀರು ಜತೆಗಿರಬೇಕು. ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಕಂಪ್ಲಿಯಿಂದ ಹೊಸಪೇಟೆಗೆ ಬಂದ ಹೊಸತರಲ್ಲಿ ಸಂಜೆ ಹೊತ್ತು ಪ್ರೆಸ್ಸಿಗೆ ಹೋಗಿ ಕರಡು ತಿದ್ದುತ್ತಿದ್ದೆ. ನನ್ನ ಕೈಯ ಮೊದಲ ಕರಡನ್ನು ನೋಡಿ ಅವರು ಅಂದದ್ದು ಇಷ್ಟೆ: "ಮಾಸ್ತರ, ಮಕ್ಕಳಿಗೂ ಹಿಂಗ ಕಲಸ್ತೀರೇನು? ಪಾಪ, ಅವು."

ಆ ಪ್ರೆಸ್ಸು ಒಂದು ಬೆಲ್ಲದ ಮಂಡಿಯ ಹಿಂಭಾಗದಲ್ಲಿತ್ತು. ಕಂಪ್ಲಿಯ ಬೆಲ್ಲ ಗಾಡಿಗಟ್ಟಲೆ ಬಂದು ಬೀಳುವ ಮಂಡಿ. ಅಚ್ಚಿನ ಮೊಳೆಗಳ ಮೇಲೆಲ್ಲ ನೊಣ. ಮಂಡಿಯ ಯಜಮಾನರೇ ಪ್ರೆಸ್ಸಿನ ಯಜಮಾನರು, ಅವರೇ ವಾರಪತ್ರಿಕೆಯ ಸಂಪಾದಕರು. ಪತ್ರಿಕೆ ಶುರುವಾದ ಮೊದಲ ವರ್ಷವೇ ಮೆಟ್ರಿಯ ಒಬ್ಬ ಗೌಡನ ಮೇಲೆ ಏನೋ ಕೇಳಿದ್ದನ್ನು ಕೇಳಿದಂತೆ ಅಚ್ಚು ಹಾಕಿ, ಅವನು ಕೋರ್ಟಿಗೆಳೆದು, ಯಜಮಾನರು ಕಟಕಟೆಯಲ್ಲಿ ನಿಂತು ಕೈಮುಗಿದು ಬಂದಿದ್ದರಂತೆ. ಆಮೇಲೆ ಬುದ್ಧಿ ಬಂದು, ಮುನ್ಸೀಫ್ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಿದ್ದ ಇವರನ್ನು ಹುಡುಕಿ ತಂದು ಕೂರಿಸಿದರು. ಸುದ್ದಿ ಯಾವುದೇ ಬರಲಿ, ಇವರು ನೋಡಿ ಸೈ ಎಂದ ಮೇಲೆಯೇ ಮೊಳೆ ಜೋಡಿಸಬೇಕು. ಊರಿನವರು ಇವರನ್ನು ರಾಯರು ಎನ್ನುತ್ತಿದ್ದರು, ಬೆನ್ನ ಹಿಂದೆ ಬೇರೆ ಏನೇನೋ.

ಅವರ ಪರೀಕ್ಷೆ ಒಂದೇ. ಸುದ್ದಿ ತಂದವನನ್ನು ಸ್ಟೂಲಿನ ಮೇಲೆ ಕೂರಿಸಿ, "ಕಣ್ಣು ಮುಚ್ರಿ. ಈಗ ಹೇಳ್ರಿ" ಎನ್ನುತ್ತಿದ್ದರು. ಕಣ್ಣಿಂದ ಕಂಡವನಿಗೆ ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಕೇಳಿ ಬಂದವನಿಗೆ ಕತ್ತಲಾಗುತ್ತದೆ ಎಂಬುದು ಅವರ ಲೆಕ್ಕ. ಸಂಡೂರಿನ ಗುಡ್ಡದಲ್ಲಿ ಚಿರತೆ ಬಂದು ಆಕಳನ್ನು ಎಳೆದುಕೊಂಡು ಹೋಯಿತೆಂದು ಅದಿರಿನ ಗಾಡಿಯವನೊಬ್ಬ ಬಂದ. ತಾನೇ ನೋಡಿದೆನೆಂದು ಆಣೆ ಇಟ್ಟ. ಕಣ್ಣು ಮುಚ್ಚಿಸಿ ಕೇಳಿದರು: "ಆಕಳು ಯಾವ ಬಣ್ಣ?"

"ಆಕಳ ಬಣ್ಣಾನ ರೀ."

"ಕೋಡು?"

"ಎರಡ ಇದ್ವು ರೀ."

"ಏಳ್ರಿ. ಬೆಲ್ಲ ಬೇಕಾದ್ರ ಮುಂದ ಮಂಡಿ ಅದ."

ರವಿವಾರ ಹಂಪಿಗೆ ಹೋಗುತ್ತಿದ್ದರು, ವಿರೂಪಾಕ್ಷನ ದರ್ಶನಕ್ಕೆ ಎಂದು ಹೆಸರು. ದರ್ಶನ ಮುಗಿದ ಮೇಲೆ ಹಾಳು ಮಂಟಪಗಳ ನಡುವೆ ಬಿಳಿ ದೊರೆಗಳಿಗೆ ಗುಡಿ ತೋರಿಸುವವರ ಹಿಂದೆ ಸುಮ್ಮನೆ ನಡೆಯುತ್ತಿದ್ದರು. ತೋರಿಸುವವನು ಈ ಕಂಬದೊಳಗೆ ಬಂಗಾರ ತುಂಬಿತ್ತು ಎಂದರೆ, ಇವರು ಹಿಂದಿನಿಂದ ಜೋರಾಗಿ ಕೆಮ್ಮುವರು. ಒಬ್ಬನಂತೂ ಇವರ ಕರಿಕೋಟು ದೂರದಲ್ಲಿ ಕಂಡರೆ ಸಾಕು, ದೊರೆಯನ್ನು ಬಿಸಿಲಲ್ಲೇ ಬಿಟ್ಟು ಕಲ್ಲಿನ ಮರೆಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಇಂಥವರ ಸಂಗ ಯಾರಿಗೆ ಬೇಕು ಹೇಳಿ? ನನಗೆ ಬೇಕಾಯಿತು. ಯಾಕೆಂದರೆ ಇಡೀ ಊರಿನಲ್ಲಿ ಅವರು ಹೇಳಿದ್ದನ್ನು ಮಾತ್ರ ನಾನು ಇನ್ನೊಬ್ಬರ ಹತ್ತಿರ ಕೇಳಿ ನೋಡಬೇಕಾಗಿರಲಿಲ್ಲ.

ಮದುವೆಯಾಗಿ ಹೆಂಡತಿ ಬೇಗ ತೀರಿಕೊಂಡು, ಮನೆಯಲ್ಲಿ ಅವರು ಮತ್ತು ಅವರ ವಿಧವೆ ಅಕ್ಕ, ಇಬ್ಬರೇ. ನಾವೆಲ್ಲ ಆಕೆಯನ್ನೂ ಅಕ್ಕ ಎಂದೇ ಕರೆಯುತ್ತಿದ್ದೆವು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಲೆ ಮುಂದೆ ಕೂತಲ್ಲಿಂದಲೇ ತಮ್ಮನನ್ನು ಬೈಯುತ್ತಿದ್ದರು. ಊರೆಲ್ಲ ಹೆದರುವ ಆ ಮನುಷ್ಯ ಅಕ್ಕನ ಮುಂದೆ ತಲೆ ಎತ್ತುತ್ತಿರಲಿಲ್ಲ. ಹೋಟೆಲ್ಲಿನ ಅನ್ನ ತಿಂದು ಮಾಸ್ತರ ಸೊರಗಿದ್ದಾನೆಂದು ಆಕೆ ವಾರದಲ್ಲಿ ಒಂದೆರಡು ದಿನ ನನ್ನನ್ನು ಊಟಕ್ಕೆ ಕರೆಸುತ್ತಿದ್ದರು.

ಈಗ ಹೇಳುವುದು ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಮಾತು. ಆ ಬೇಸಿಗೆ ಊರಿಗೆ ಕಾಲರಾ ಬಂತು. ಬೆಲ್ಲದ ಮಂಡಿಯ ಹಿಂದಿನ ಓಣಿಯಲ್ಲಿ ಮೊದಲು ಒಬ್ಬ ಮುದುಕ ಹೋದ, ಆಮೇಲೆ ಅವನ ಸೊಸೆ. ಇವೆರಡೂ ಆದದ್ದು ಯುಗಾದಿಗೆ ಮೊದಲು. ಯುಗಾದಿ ಆದಮೇಲೆ ಒಬ್ಬ ಕಂಟ್ರಾಕ್ಟರು ರೈಲು ಹಳಿಗೆ ಜಲ್ಲಿ ಒಡೆಯಲಿಕ್ಕೆಂದು ಕರ್ನೂಲು ಕಡೆಯ ಕೂಲಿಗಳನ್ನು ಕರೆತಂದು, ಗಾದಿಗನೂರಿನ ದಾರಿಯಲ್ಲಿ ಊರ ಗಡಿಕಲ್ಲಿನ ಆಚೆ ಗುಡಿಸಲು ಹಾಕಿಸಿದ. ಗಂಡಸರು, ಹೆಂಗಸರು, ಮೊಲೆಗೂಸುಗಳು, ನಾಲ್ಕಾರು ಕೋಳಿ. ತೆಲುಗು ಮಾತು. ಊರು ಅವರಿಗೆ ಮೂಡಲವರು ಎಂದು ಹೆಸರಿಟ್ಟಿತು. ಅವರು ಪಕ್ಕದ ಕಾಲುವೆಯ ಮೆಟ್ಟಿಲಿಗೆ ಇಳಿದು ನೀರು ತರುತ್ತಿದ್ದರು. ಮೊದಲ ಕೆಲವು ದಿನ ಯಾರೂ ಅವರನ್ನು ತಿರುಗಿ ಸಹ ನೋಡಲಿಲ್ಲ.

ನಮ್ಮ ಸೀಮೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಊರಿಗೆ ಇಂಥ ಬೇನೆ ಬಂದರೆ ಅಮ್ಮನನ್ನು ಸಾಗಿಸುತ್ತಾರೆ. ಹೊಸ ಮೊರದಲ್ಲಿ ಹಸಿರು ಬಳೆ, ಅರಿಸಿನ ಕುಂಕುಮ, ಬೇವಿನ ಸೊಪ್ಪು, ನಿಂಬೆಹಣ್ಣು, ಒಂದು ದೊನ್ನೆ ಮೊಸರನ್ನ ಇಟ್ಟು, ಬೆಳಕು ಹರಿಯುವ ಮೊದಲು ಗಡಿಕಲ್ಲಿನ ಆಚೆ ಇಳಿಸಿ ಬರುತ್ತಾರೆ. ಇಟ್ಟು ಬಂದವರು ತಿರುಗಿ ನೋಡಬಾರದು. ಅದಕ್ಕಿಂತ ದೊಡ್ಡ ಕಟ್ಟು, ಮುಂಗಾರು ಮಳೆ ಬೀಳುವ ತನಕ ಅದರ ಸುದ್ದಿ ಬಾಯಲ್ಲಿ ಆಡಬಾರದು. ಆಡಿದರೆ ತನ್ನನ್ನೇ ಕರೆದರೆಂದು ತಿಳಿದು ಅಮ್ಮ ಆ ಮನೆಗೇ ಹೊಳ್ಳಿ ಬರುತ್ತಾಳೆ. ಆಚೆಯ ಹಳ್ಳಿಯವರು ಕಂಡರೆ ಅವರೂ ಬಾಯಿ ಮುಚ್ಚಿಕೊಂಡು ತಮ್ಮ ಗಡಿ ದಾಟಿಸುತ್ತಾರೆ. ಊರೆಂದರೆ ಪ್ರತಿ ಮನೆಯದೂ ಏನಾದರೊಂದು ಆ ಮೊರಕ್ಕೆ ಹೋಗಿರುತ್ತದೆ, ಒಂದು ಬಳೆಯೋ ಒಂದು ಚಿಟಿಕೆ ಅರಿಸಿನವೋ. ಆದರೆ ಮೊರ ಇಟ್ಟವರು ಯಾರು ಎಂದರೆ, ಯಾರೂ ಇಲ್ಲ.

ಆ ವರ್ಷವೂ ಹಾಗೇ ಆಯಿತು. ಯಾರೋ ಕತ್ತಲಲ್ಲಿ ರೂಢಿಯಂತೆ ಗಡಿಕಲ್ಲಿನ ಆಚೆ ಮೊರ ಇಟ್ಟು ಬಂದರು. ಆಚೆ ಈ ಸಲ ಬಯಲಲ್ಲ, ಗುಡಿಸಲುಗಳಿವೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ನಮಗೇನು ಎಂದರೋ, ದೇವರಿಗೇ ಗೊತ್ತು. ಬೆಳಗಾದ ಮೇಲೆ ದಾರಿಯಲ್ಲಿ ಹೋದವರು ನೋಡಿದರು: ಮೂಡಲವರ ಗುಡಿಸಲ ಮುಂದೆ ನಿಂಬೆಹಣ್ಣು, ಕುಂಕುಮ, ಬೇವು. ಮಧ್ಯಾಹ್ನದ ಹೊತ್ತಿಗೆ ಮಂಡಿಯಲ್ಲಿ ಸುದ್ದಿ ತಯಾರಾಗಿತ್ತು. ಮೂಡಲವರು ಮಾಟ ಮಾಡಿದ್ದಾರೆ, ಕಾಲುವೆಯ ನೀರಿಗೆ ಏನೋ ಬೆರೆಸುತ್ತಿದ್ದಾರೆ, ಬೇನೆ ತಂದವರೇ ಅವರು.

ಯಜಮಾನರು ಅದನ್ನು ತಾವೇ ಬರೆದು ತಂದು ಮೇಜಿನ ಮೇಲಿಟ್ಟರು. ರಾಯರು ಓದಿ ಪಕ್ಕಕ್ಕೆ ಸರಿಸಿದರು.

"ಮಾಟ ಮಾಡಿದ್ದು ಯಾರು ಕಂಡಾರ?"

"ಊರಿಗೆ ಊರ ಹೇಳಾಕತ್ತೇತಿ ರಾಯರ."

"ಊರಿಗೆ ಸ್ಟೂಲು ಸಾಲೂದಿಲ್ಲ. ಒಬ್ಬನ್ನ ಕರ್ಕೊಂಡ್ ಬರ್ರಿ. ಬ್ಯಾನಿ ಇವರು ತಂದಾರಂತ ಬರದೀರಿ. ನಿಮ್ಮ ಹಿಂದಿನ ಓಣ್ಯಾಗ ಇಬ್ಬರು ಸತ್ತದ್ದು ಯುಗಾದಿಗಿಂತ ಮೊದಲ. ಇವರು ಬಂದದ್ದು ಆಮ್ಯಾಲೆ."

"ಅದು ಕಾಲರಾ ಅಲ್ಲ, ಅಜೀರ್ಣ."

"ಮಾವಗೂ ಸೊಸಿಗೂ ಕೂಡೇ ಅಜೀರ್ಣ? ಏನ್ ಊಟ ಇತ್ತಪಾ ಅದು!"

ಯಜಮಾನರು ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳಿದರು: "ನಿಮ್ಮನ್ನ ಇಟಗೊಂಡದ್ದು ಕೋರ್ಟಿನ ಸಲುವಾಗಿ. ಮೆಟ್ರಿ ಗೌಡ ಕೋರ್ಟಿಗೆ ಹ್ವಾದ. ಈ ಮಂದಿ ಹೋಗ್ತಾರೇನು? ಸುಮ್ನ ಸೈ ಅನ್ರಿ."

ಅವರು ಸೈ ಎನ್ನಲಿಲ್ಲ. ಯಜಮಾನರು ಅಚ್ಚು ಹಾಕುವುದನ್ನು ಬಿಡಲೂ ಇಲ್ಲ. ಆ ವಾರದ ಪತ್ರಿಕೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬಂತು. ಓದು ಬರದವರಿಗೆ ಓದಿ ಹೇಳುವವರು ಚೌಕಗಳಲ್ಲಿ ಹುಟ್ಟಿಕೊಂಡರು. ಮಂಡಿಯಲ್ಲಿ ಹೇಳಿದಾಗ ಅದು ಬರೀ ಮಾತಾಗಿತ್ತು. ಅಚ್ಚಾದ ಮೇಲೆ ಸತ್ಯವಾಯಿತು. ಅದನ್ನು ಮೊದಲು ಬಾಯಿಬಿಟ್ಟವರೇ ಪತ್ರಿಕೆಯಲ್ಲಿ ಬಂದಿದೆ ನೋಡಿ ಎನ್ನತೊಡಗಿದರು. ಊರಿನ ಹಿರಿಯರು ನಾಲ್ಕು ಮಂದಿ ಕೂಡಿ, ಮೂಡಲವರು ಕಾಲುವೆಗೆ ಇಳಿಯಬಾರದೆಂದು ಗೊತ್ತುಮಾಡಿ, ಮೆಟ್ಟಿಲಿಗೆ ದೊಣ್ಣೆ ಹಿಡಿದ ಕಾವಲು ನಿಲ್ಲಿಸಿದರು. ಆ ಬಿಸಿಲಲ್ಲಿ ಕಲ್ಲು ಒಡೆಯುವ ಜನಕ್ಕೆ ನೀರಿಲ್ಲ. ಪತ್ರಿಕೆ ತನ್ನ ಮಾತು ತಪ್ಪೆಂದು ಹೇಳಿದರೆ ಕಾವಲು ತೆಗೆಯುತ್ತೇವೆ, ನಮಗೇನು ಅವರ ಮೇಲೆ ದ್ವೇಷವೇ ಎಂದು ಹಿರಿಯರಲ್ಲೊಬ್ಬರು ರಾಯರಿಗೆ ಬಾಯಿಬಿಟ್ಟು ಹೇಳಿದರು. ಅಂದರೆ ಆ ಜನದ ನೀರು ಈಗ ನಮ್ಮ ಪತ್ರಿಕೆಯ ಎರಡು ಸಾಲಿನ ಮೇಲೆ ನಿಂತಿತ್ತು.

ಮರುದಿನ ರಾಯರು ತಂಬಿಗೆ ಹಿಡಿದು ಗುಡಿಸಲುಗಳ ಕಡೆ ಹೊರಟರು. ನಾನೂ ಹೋದೆ. ದಾರಿಯಲ್ಲಿ ನನಗೆ ಹೇಳಿದರು: "ಮಾಸ್ತರ, ಖರೇ ಹೇಳ್ತೀನಿ, ನನಗ ಆ ಜನ ಸೇರೂದಿಲ್ಲ. ಹೊಲಸು ಇರ್ತಾರ, ಕೋಳಿ ಕೊಯ್ತಾರ, ಗದ್ದಲ ಮಾಡ್ತಾರ. ಹಂಗಂತ ಅವರ ಮ್ಯಾಲೆ ಸುಳ್ಳು ಹೇಳಲಿಕ್ಕೆ ಬರ್ತದೇನು?" ಕರುಣೆಯ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಆಮೇಲೆ ಕರುಣೆಯ ಮಾತು ಬಹಳ ಆಡಿದವರನ್ನೂ ನೋಡಿದ್ದೇನೆ. ಅವರಲ್ಲಿ ಯಾರೂ ಆ ಬಿಸಿಲಲ್ಲಿ ಗಡಿಕಲ್ಲು ದಾಟಿರಲಿಲ್ಲ.

ಮೊರ ಇದ್ದಲ್ಲೇ ಇತ್ತು. ಗುಡಿಸಲಿನವರು ಹೆದರಿ ಅದರ ಸುತ್ತ ದೂರದಲ್ಲಿ ಕಲ್ಲು ಜೋಡಿಸಿದ್ದರು, ಮಕ್ಕಳು ಹತ್ತಿರ ಹೋಗದ ಹಾಗೆ. ಅವರಲ್ಲಿ ಹಿರಿಯಳೆನಿಸಿದ ಒಬ್ಬ ಹೆಂಗಸು ಮುಂದೆ ಬಂದಳು. ಕೈಯ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು, ಜಲ್ಲಿ ಒಡೆದು ಒಡೆದು. "ಮಾದಿ ಕಾದು ಸಾಮೀ," ನಮ್ಮದಲ್ಲ ಸ್ವಾಮಿ ಎಂದಳು. ರಾಯರು ಆಕೆಯನ್ನೂ ಬಿಡಲಿಲ್ಲ. ಕಣ್ಣು ಮುಚ್ಚಿಸಿ ಹರಕು ತೆಲುಗಿನಲ್ಲಿ ಕೇಳಿದರು. ಆಕೆ ಕಣ್ಣು ಮುಚ್ಚಿಕೊಂಡು ಹೇಳಿದಳು: ಇನ್ನೂ ಕತ್ತಲಿತ್ತು, ಮಗು ಅತ್ತಿತೆಂದು ಎದ್ದೆ, ಊರ ಕಡೆಯಿಂದ ಇಬ್ಬರು ಹೆಂಗಸರು ಒಬ್ಬ ಗಂಡಸು ಬಂದರು, ಗಂಡಸಿನ ತಲೆಯ ಮೇಲೆ ಮೊರ, ಹೆಂಗಸರಲ್ಲಿ ಒಬ್ಬಳು ಕಾಲೆಳೆಯುತ್ತಿದ್ದಳು, ಇಳಿಸಿ ಹೊರಟವರು ನಾನು ಕೂಗಿದರೂ ತಿರುಗಿ ನೋಡಲಿಲ್ಲ. ಆ ಕೊನೆಯ ಮಾತಿಗೆ ರಾಯರು ನನ್ನ ಮುಖ ನೋಡಿದರು. ನಮ್ಮ ಪದ್ಧತಿ ಗೊತ್ತಿಲ್ಲದವರು ಕಟ್ಟಿ ಹೇಳಬಹುದಾದ ಮಾತು ಅದಲ್ಲ.

"ನೀಳ್ಳು ಸಾಮೀ," ಎಂದಳು ಆಕೆ ನಾವು ಹೊರಟಾಗ. ನೀರು ಬೇಕು. ಅವರು ತಮ್ಮ ತಂಬಿಗೆಯ ಕಡೆ ನೋಡಿಕೊಂಡರು. ಆಮೇಲೆ, ಆ ಮಡಿಯ ಮನುಷ್ಯ, ತಂಬಿಗೆಯನ್ನು ನೆಲದ ಮೇಲಿಟ್ಟು ಬಂದುಬಿಟ್ಟರು. ದಾರಿಯುದ್ದಕ್ಕೂ ಸಿಡಿಮಿಡಿ, ತಂಬಿಗೆ ಹೋಯಿತೆಂದು ಅಕ್ಕನಿಗೆ ಏನು ಹೇಳಲಿ ಎಂದು.

ಆದರೆ ಯಜಮಾನರು ಆಕೆಯ ಮಾತನ್ನು ಒಪ್ಪಲಿಲ್ಲ. ಅಪರಾಧಿಯ ಮಾತು ಸಾಕ್ಷಿ ಹೇಗಾದೀತು, ಊರಿನವರು ಒಬ್ಬರು ಹೇಳಲಿ, ಹಾಕುತ್ತೇನೆ ಎಂದರು. ಹೇಳಿ ಕೇಳಿ ವ್ಯಾಪಾರಿ. ಊರಿನವರು ಯಾರೂ ಹೇಳುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮನೆಯ ಬಳೆಗಳೂ ಆ ಮೊರದಲ್ಲಿದ್ದಿರಬೇಕಲ್ಲ!

ರಾಯರು ಓಣಿ ಓಣಿ ತಿರುಗಿದರು. ಬಳೆಗಾರನನ್ನು ಕೇಳಿದರು, ಅಮ್ಮನ ಗುಡಿಯ ಪೂಜಾರಿಯನ್ನು ಕೇಳಿದರು, ಮೊರ ಹೆಣೆಯುವವರನ್ನು ಕೇಳಿದರು. ಜನ ಮರ್ಯಾದೆಯಿಂದ ಚಾಪೆ ಹಾಸುವರು. "ಬರ್ರಿ ರಾಯರ, ಕುಂದ್ರಿ" ಎನ್ನುವರು. ಮೊರದ ಮಾತು ಬಂದ ಕೂಡಲೇ ಬಾಯಿಗೆ ಬೀಗ. ಪೂಜಾರಿ ಕಿವಿ ಮುಚ್ಚಿಕೊಂಡ: "ಅದನ್ನ ಆಡಬ್ಯಾಡ್ರಿ ರಾಯರ. ಮನ್ಯಾಗ ಸಣ್ಣ ಕೂಸೈತಿ." ಅವನಿಗೆ ಸುಳ್ಳು ಹೇಳಬೇಕೆಂದೇನೂ ಇರಲಿಲ್ಲ. ಮಗುವಿನ ಭಯ ಇತ್ತು. ಇದು ನನಗೆ ಇವತ್ತಿಗೂ ನುಂಗಲಾರದ ಸಂಗತಿ. ಹಠಮಾರಿ ಸುಳ್ಳರನ್ನು ಬೈದು ಹಗುರಾಗಬಹುದು. ಒಳ್ಳೆಯ ಜನ ಮಕ್ಕಳ ಮೇಲಿನ ಪ್ರೀತಿಯಿಂದ ಬಾಯಿ ಮುಚ್ಚಿಕೊಂಡು, ಅಲ್ಲಿ ಇನ್ನೊಬ್ಬರ ಮಕ್ಕಳಿಗೆ ನೀರು ನಿಂತುಹೋದರೆ ಯಾರನ್ನು ಬೈಯೋಣ?

ಆ ಗುರುವಾರ ನಾನು ಅವರ ಪಂಕ್ತಿಯಲ್ಲಿ ಊಟಕ್ಕಿದ್ದೆ. ರಾಯರು ಅನ್ನ ಕಲಸುತ್ತ ಊರನ್ನು ವಾಚಾಮಗೋಚರ ಬೈಯುತ್ತಿದ್ದರು. ಒಬ್ಬನೇ ಒಬ್ಬ ಗಂಡಸಿಲ್ಲ ಈ ಊರಲ್ಲಿ ಎಂದರು. ಸಾರು ಬಡಿಸುತ್ತಿದ್ದ ಅಕ್ಕನ ಸೌಟು ನಿಂತಿತು.

"ಯಾಕ ಊರೆಲ್ಲಾ ತಿರಗ್ತೀ? ಮೊರ ನಮ್ಮ ಅಟ್ಟದ ಮ್ಯಾಲಿಂದು. ಮೊಸರನ್ನ ನಾನ ಕಲಸಿ ಕೊಟ್ಟೀನಿ. ಹಿತ್ತಲ ಬಾಗಿಲಿಗೆ ಬಂದು ಮುಸುರಿ ತೊಳೆಯೋ ಕಾಲೆಳ್ಯಾಕಿ ತಗೊಂಡ್ ಹೋದ್ಲು."

ಅವರ ಕೈ ಎಲೆಯ ಮೇಲೆ ಹಾಗೇ ಇತ್ತು. "ಅಕ್ಕಾ, ಆಡಿದಿಯಲ್ಲ!" ಎಂದರು. ಕೋರ್ಟಿನ ಮನುಷ್ಯ, ಎಲ್ಲರ ಮೂಢನಂಬಿಕೆಗೂ ನಗುವ ಮನುಷ್ಯ, ಅಂದದ್ದು ಅದು. ಅಕ್ಕನಿಗೆ ಏನಾದರೂ ಆದೀತೆಂದು ಅವರ ಮುಖ ಬಿಳಚಿಕೊಂಡಿತ್ತು.

"ಆಡ್ದೆ. ಆ ಹೆಂಗಸಿನ ಕೂಸು ನೀರಿಲ್ದ ಅಳ್ತದ ಅಂತ ನೀನ ಹೇಳ್ದಿ. ಅಮ್ಮ ಹೊಳ್ಳಿ ಬಂದ್ರ ನನ್ನ ಹತ್ರ ಬರ್ಲಿ. ನಂದೇನು ಉಳದದ, ತಲಿ ಬೋಳಿಸ್ಕೊಂಡಾಕಿ. ಬರಕೋ. ನನ್ನ ಹೆಸರು ಹಾಕಿ ಬರಕೋ."

ಅವರು ಉತ್ತರಾಪೋಶನ ಕೂಡ ಮರೆತು ಎದ್ದು ಕೈ ತೊಳೆದು ಬರೆಯಲು ಕೂತರು. ನಾನು ಕಂಡಂತೆ ಅದು ಅವರು ತಮ್ಮ ಜನ್ಮದಲ್ಲಿ ಬರೆದ ಅತಿ ಚಿಕ್ಕ ಸುದ್ದಿ. ಗಡಿಯ ಆಚೆ ಇದ್ದ ಮೊರ ಊರಿನದು, ನನ್ನ ಮನೆಯದು, ನನ್ನ ಅಕ್ಕನ ಕೈಯದು. ಕೂಲಿಗಳ ಮೇಲೆ ಬರೆದದ್ದು ಸುಳ್ಳು.

ಯಜಮಾನರು ಅದನ್ನು ಓದಿ ಬೆವರೊರೆಸಿಕೊಂಡರು. "ಇದನ್ನ ಹಾಕಿದ್ರ ಊರಾಗ ನಾ ವ್ಯಾಪಾರ ಮಾಡಬೇಕೋ ಬ್ಯಾಡೋ? ಹೆಣ್ಮಕ್ಳು ಮಂಡಿಗೆ ಬೆಂಕಿ ಹಚ್ತಾರ. ಬರೂ ವಾರ ನೋಡೂಣ."

ಬರುವ ವಾರ ಬಂತು, ಜಾಗ ಇಲ್ಲ ಎಂದರು. ಮತ್ತೊಂದು ವಾರಕ್ಕೆ ಕಾಗದ ಬಂದಿಲ್ಲ ಎಂದರು. ರಾಯರು ಪ್ರತಿದಿನ ಮಂಡಿಗೆ ಹೋಗಿ ನಿಲ್ಲುತ್ತಿದ್ದರು, ಯಜಮಾನರಿಗೆ ಕೈ ಮುಗಿದದ್ದನ್ನೂ ನಾನು ನೋಡಿದೆ. ಅಕ್ಕನ ಮಾತನ್ನು ಹಿರಿಯರ ಮುಂದೆ ತಾವೇ ಹೋಗಿ ಹೇಳಿದರು. ಅದು ಪತ್ರಿಕೆಯಲ್ಲಿ ಬಂದಿಲ್ಲವಲ್ಲ ಎಂದರಂತೆ ಅವರು! ಅತ್ತ ಗುಡಿಸಲಿನವರು ಊರ ಬಚ್ಚಲ ನೀರು ಹರಿದು ಸೇರುವ ತಗ್ಗಿನಲ್ಲಿ ಗುಂಡಿ ತೋಡಿ, ಬಸಿದು ಬಂದದ್ದನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಎಷ್ಟು ದಿನ ನಡೆದೀತು? ಬೇನೆ ಅಲ್ಲಿಗೂ ಹೋಯಿತು. ಊರಿನಿಂದ ಹೋಯಿತು.

ಆಗ ಯಜಮಾನರಿಗೆ ಜಾಗವೂ ಸಿಕ್ಕಿತು, ಕಾಗದವೂ ಸಿಕ್ಕಿತು. ಕೂಲಿ ಗುಡಿಸಲುಗಳಲ್ಲಿ ಕಾಲರಾ ಎಂಬ ಸುದ್ದಿಯನ್ನು ಮೇಜಿನ ಮೇಲಿಟ್ಟು, "ಇದನ್ನಾದ್ರೂ ಹೋಗಿ ನೋಡಿ ಬರ್ರಿ ರಾಯರ, ನಿಮ್ಮ ಕಣ್ಣಿಲೇ ನೋಡ್ರಿ" ಎಂದರು.

ಅವರು ನೋಡಿ ಬಂದರು. ಆ ದಿನ ನಾನು ಶಾಲೆಯಲ್ಲಿದ್ದೆ. ಪ್ರೆಸ್ಸಿಗೆ ಬಂದಾಗ ಅವರು ಸ್ಟೂಲಿನ ಮೇಲೆ, ಬೇರೆಯವರನ್ನು ಕೂರಿಸುವ ಸ್ಟೂಲಿನ ಮೇಲೆ, ಕೂತಿದ್ದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಆ ಹೆಂಗಸು ಬೆಳಿಗ್ಗೆ ತೀರಿಕೊಂಡಿದ್ದಳು. ಮಣ್ಣು ಮಾಡಲು ಕೂಡ ಗಂಡಸರಲ್ಲಿ ತ್ರಾಣವಿರಲಿಲ್ಲವಂತೆ. ಆಕೆಯ ತಲೆಯ ಹತ್ತಿರ ತಮ್ಮ ಹಿತ್ತಾಳೆಯ ತಂಬಿಗೆ ಬೆಳಗಿ ಇಟ್ಟಿತ್ತು ಎಂದು ಮಾತ್ರ ಹೇಳಿದರು. ಅದನ್ನು ವಾಪಸ್ಸು ತಂದಿರಲಿಲ್ಲ.

ಸುದ್ದಿ ಸುಳ್ಳಲ್ಲ. ಅವರ ನೇಮದ ಪ್ರಕಾರ ಅದು ಕಣ್ಣಿಂದ ಕಂಡದ್ದು. ಸೈ ಎನ್ನದೆ ಬೇರೆ ದಾರಿಯಿಲ್ಲ. ಅವರು ಕೆಳಗೆ ಒಂದು ಸಾಲು ಸೇರಿಸಿದರು: ಇವರನ್ನು ಕಾಲುವೆಯ ನೀರಿನಿಂದ ತಡೆದಿದ್ದರಿಂದ ಬಚ್ಚಲ ತಗ್ಗಿನ ನೀರು ಕುಡಿದು ಹೀಗಾಗಿದೆ. ಸೇರಿಸಿ ಸೈ ಹಾಕಿದರು. ಯಜಮಾನರು ಆ ಸಾಲನ್ನು ಹೊಡೆದುಹಾಕಿ ಸೈಯನ್ನು ಉಳಿಸಿಕೊಂಡರು. "ಹಿಂಗಾಗಿದ್ದು ಸುದ್ದಿ. ಯಾಕಾತು ಅನ್ನೂದು ನಿಮ್ಮ ಅಭಿಪ್ರಾಯ," ಎಂದರು. ನಾವು ಮೊದಲೇ ಎಚ್ಚರಿಸಿದ್ದಂತೆಯೇ ಆಗಿದೆ ಎಂಬ ಸಾಲೊಂದನ್ನು ತಾವೇ ಬರೆದು ಸೇರಿಸಿದರು. ಅದು ಅಭಿಪ್ರಾಯವಲ್ಲ ನೋಡಿ!

ರಾಯರು ಕೋಟು ಹಾಕಿಕೊಂಡು ಹೊರಗೆ ಹೋದರು. ಮತ್ತೆ ಆ ಪ್ರೆಸ್ಸಿನ ಹೊಸ್ತಿಲು ತುಳಿಯಲಿಲ್ಲ. ಉಳಿದ ಕೂಲಿಗಳನ್ನು ಕಂಟ್ರಾಕ್ಟರು ರೈಲು ಹತ್ತಿಸಿ ಎಲ್ಲಿಗೋ ಸಾಗಿಸಿದ.

ಅವರ ಕಥೆ ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಆದರೆ ಅಕ್ಕ ಮೊರದ ಮಾತು ಆಡಿದ್ದು ಊರಿಗೆ ತಿಳಿದಿತ್ತಲ್ಲ. ಅವರ ಓಣಿಯಲ್ಲಿ ಮುಂದೆ ಒಂದು ಮಗು ಸತ್ತಿತು, ಅಕ್ಕನೇ ಅಮ್ಮನನ್ನು ಹೊಳ್ಳಿ ಕರೆದಳು ಎಂದಾಯಿತು. ಅಕ್ಕ ಕೊಡ ಹಿಡಿದು ಬಾವಿಗೆ ಬಂದರೆ ಉಳಿದ ಹೆಂಗಸರು ಅರ್ಧ ಸೇದಿದ ಹಗ್ಗ ಬಿಟ್ಟು ಹೋಗುತ್ತಿದ್ದರು. ರಾಯರು ಕೋರ್ಟಿನ ಮುಂದೆ ಅರ್ಜಿ ಬರೆಯುತ್ತ ಹೊಟ್ಟೆ ಹೊರೆದರು. ಬರೆಸಲು ಬಂದವರಿಗೆ ಕಣ್ಣು ಮುಚ್ಚಲು ಹೇಳುವುದನ್ನು ಬಿಟ್ಟಿದ್ದರು. "ಹೇಳ್ರಿ, ಏನ್ ಬರೀಲಿ" ಎನ್ನುತ್ತಿದ್ದರು. ಹೇಳಿದ್ದನ್ನು ಬರೆದು ಕೊಡುತ್ತಿದ್ದರು. ನಾನು ಒಮ್ಮೆ ಕೇಳಿದ್ದಕ್ಕೆ, "ಮಾಸ್ತರ, ಕಣ್ಣು ಇದ್ದವರೆಲ್ಲಾ ಕಂಡಿದ್ರು. ಕಂಡವರು ನನಗ ಸಿಗಲಿಲ್ಲಂತ ಅಲ್ಲ, ಕಂಡದ್ದು ಯಾರಿಗೂ ಬೇಕಾಗಿರ್ಲಿಲ್ಲ" ಎಂದರು.

ಇಷ್ಟು ವರ್ಷಗಳ ಮೇಲೆ, ಮೊನ್ನೆ ರಾಯರು ತೀರಿಕೊಂಡ ವಾರ ಆ ಪತ್ರಿಕೆ ಅವರ ಬಗ್ಗೆ ಬರೆಯಿತು. ಹಳೆಯ ಯಜಮಾನರಿಲ್ಲ, ಅವರ ಮಗ ನಡೆಸುತ್ತಾನೆ, ಧಾರವಾಡದಲ್ಲಿ ಓದಿ ಬಂದವನು. ಬರೆದದ್ದು ಹೀಗೆ: ಕೂಲಿ ಕ್ಯಾಂಪುಗಳಿಂದ ಊರಿಗೆ ಹರಡುವ ರೋಗವನ್ನು ಖುದ್ದಾಗಿ ಕಂಡು, ಪರೀಕ್ಷಿಸಿ, ಮೊದಲು ಎಚ್ಚರಿಸಿದ ಮಹನೀಯರು ಇವರು. ಅಣೆ ಕಟ್ಟುವ ಕೆಲಸಕ್ಕೆಂದು ಹೊರಸೀಮೆಯ ಜನ ತಂಡತಂಡವಾಗಿ ಬಂದಿಳಿಯುತ್ತಿರುವ ಈ ಹೊತ್ತಿನಲ್ಲಿ ಅವರ ಎಚ್ಚರಿಕೆಯನ್ನು ಊರು ಮರೆಯಬಾರದು.

ಅದನ್ನು ಅಕ್ಕನಿಗೆ ಓದಿ ಹೇಳಿದೆ. ಆಕೆ ಅಳಲಿಲ್ಲ. "ಜಟಕಾ ಕರಿ" ಎಂದರು. ನಡೆಯಲು ಆಗದ ಮುದುಕಿಯನ್ನು ಎತ್ತಿ ಕೂರಿಸಿಕೊಂಡು ಪ್ರೆಸ್ಸಿಗೆ ಕರೆದುಕೊಂಡು ಹೋದೆ. ಆ ಹುಡುಗ ಎದ್ದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ, ಕುರ್ಚಿ ಹಾಕಿಸಿದ. ಅಕ್ಕ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಟ್ಟದ ಮೇಲಿನ ಮೊರ, ಮೊಸರನ್ನ, ಕಾವಲು, ಬಚ್ಚಲ ತಗ್ಗು, ಯಜಮಾನರು ಹೊಡೆದುಹಾಕಿದ ತಮ್ಮನ ಸಾಲು. ಹೊಸ ಕೂಲಿಗಳಿಗೆ ನೀರು ತಪ್ಪಿಸಬ್ಯಾಡ್ರಿ, ಅವನ ಹೆಸರಿನ್ಯಾಗ ತಪ್ಪಿಸಬ್ಯಾಡ್ರಿ ಎಂದರು. ಅವನು ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿದ, ನಡುನಡುವೆ ಬರೆದುಕೊಂಡ. "ಖಂಡಿತ ಹಾಕ್ತೀನಿ ಅಮ್ಮಾ, ಈ ವಾರಾನ ಹಾಕ್ತೀನಿ" ಎಂದ. ಜಟಕಾದವರೆಗೆ ಬಂದು ತಾನೇ ಕೈ ಹಿಡಿದು ಹತ್ತಿಸಿದ. ದಾರಿಯಲ್ಲಿ ಅಕ್ಕ, "ಹುಡುಗ ಒಳ್ಳೇಂವ ಇದ್ದಾನ" ಎಂದರು.

ಈ ವಾರದ ಪತ್ರಿಕೆ ಬಂದಿದೆ. ಒಳಪುಟದಲ್ಲಿ ಹಾಕಿದ್ದಾನೆ: "ದಿವಂಗತರ ವೃದ್ಧ ಸಹೋದರಿಯವರು ನಮ್ಮ ಕಚೇರಿಗೆ ದಯಮಾಡಿಸಿ, ಕಳೆದ ವಾರದ ನಮ್ಮ ಲೇಖನಕ್ಕಾಗಿ ಹೃತ್ಪೂರ್ವಕ ಕೃತಜ್ಞತೆ ಸಲ್ಲಿಸಿದರು." ಅಕ್ಕ ನಿನ್ನೆಯಿಂದ ಕೇಳುತ್ತಿದ್ದಾರೆ, ಪೇಪರು ಬಂತೇನೋ ಮಾಸ್ತರ, ಓದು ಅಂತ.